ಕೈ ಜೋಮು ಅಂದರೆ ಸಾಲದು, ಯಾವ ಬೆರಳು ಹೇಳಿ

ವಿಡಿಯೋ ನೋಡಿ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು, "ಡಾಕ್ಟ್ರೇ, ನನಗೆ ಕಾರ್ಪಲ್ ಟನಲ್ ಇದೆ" (ಮಣಿಕಟ್ಟಿನ ಸುರಂಗದಂಥ ಇಕ್ಕಟ್ಟು ದಾರಿಯಲ್ಲಿ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುವ ಕಾಯಿಲೆ) ಎಂದು ತೀರ್ಮಾನಿಸಿಯೇ ಬರುವವರು ಈಗ ಹೆಚ್ಚು. ಎರಡು ಕೈಗಳ ಹಿಂಬದಿ ಸೇರಿಸಿ ಮಣಿಕಟ್ಟು ಬಗ್ಗಿಸಿ ಹಿಡಿಯುವ ಫೇಲೆನ್ ಪರೀಕ್ಷೆ ಅದು. ಏನಾಯಿತು ಎಂದು ಕೇಳಿದರೆ, "ಮಣಿಕಟ್ಟು ಸಿಕ್ಕಾಪಟ್ಟೆ ನೋಯಿತು" ಅನ್ನುತ್ತಾರೆ.

ಮಣಿಕಟ್ಟಿನ ನೋವನ್ನು ಈ ಪರೀಕ್ಷೆಯಲ್ಲಿ ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಗ್ಗಿಸಿ ಹಿಡಿದ 60 ಸೆಕೆಂಡಿನೊಳಗೆ ಜೋಮು ಬರುತ್ತದೆಯೇ, ಬಂದರೆ ಯಾವ ಬೆರಳಿಗೆ? ಇಷ್ಟೇ ನಮಗೆ ಬೇಕಾದದ್ದು. ಮಣಿಕಟ್ಟಿನ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಇಕ್ಕಟ್ಟಿನಲ್ಲಿ ಸಾಗುವ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಅರ್ಧ ಎಂದರೆ ಅಕ್ಷರಶಃ ಅರ್ಧ. ಒಂದೇ ಉಂಗುರ ಬೆರಳಿನ ನಡುಬೆರಳ ಕಡೆಯ ಅಂಚು ಮರಗಟ್ಟಿ, ಕಿರುಬೆರಳ ಕಡೆಯ ಅಂಚು ಸರಿಯಾಗಿದ್ದರೆ, ನನ್ನ ಅನುಮಾನ ಬಹುಮಟ್ಟಿಗೆ ಗಟ್ಟಿಯಾಗುತ್ತದೆ. ಹತ್ತಿ ಎಳೆಯಿಂದ ಎರಡೂ ಅಂಚು ಸವರಿ ನೋಡುವುದು ಇದಕ್ಕೇ.

ಕಿರುಬೆರಳಿಗೆ ಬರುವುದು ಅಲ್ನರ್ ನರ. ಅದು ಈ ಸುರಂಗದೊಳಗೆ ಹೋಗುವುದೇ ಇಲ್ಲ. ಹೆಚ್ಚಾಗಿ ಒತ್ತಡಕ್ಕೆ ಸಿಗುವುದು ಮೊಣಕೈಯಲ್ಲಿ. ಮನೆಯಲ್ಲಿ ಈ ಪರೀಕ್ಷೆ ಮಾಡುವಾಗ ಕೈಗಳನ್ನು ಎದೆಗೆ ಹತ್ತಿರ ತಂದು ಮೊಣಕೈ ಪೂರ್ತಿ ಮಡಚಿದರೆ ಕಿರುಬೆರಳು ಜುಮ್ಮೆನ್ನಬಹುದು. ಅದನ್ನು ಹಿಡಿದುಕೊಂಡು ಮಣಿಕಟ್ಟಿಗೆ ಆಪರೇಷನ್ ಬೇಕಾ ಎಂದು ಕೇಳಬೇಡಿ, ದಯವಿಟ್ಟು.

ಹಾಗಂತ "ಇಡೀ ಕೈ ಜೋಮು" ಅನ್ನುವವರಿಗೆ ಈ ಕಾಯಿಲೆ ಇಲ್ಲವೆಂದೂ ಹೇಳಲಾಗದು. ನಿದ್ದೆಗಣ್ಣಿನಲ್ಲಿ ಬೆರಳು ಎಣಿಸುವವರು ಯಾರು? ಹಾಗೆ ಹೇಳುತ್ತಿದ್ದ ಹಿರಿಯರೊಬ್ಬರಿಗೆ, ರಾತ್ರಿ ಎಚ್ಚರವಾದಾಗ ಜೋಮು ಹಿಡಿದ ಬೆರಳಿಗೆ ಪೆನ್ನಿನಿಂದ ಗೀಟು ಹಾಕಿಕೊಳ್ಳಿ ಎಂದಿದ್ದೆ. ಗೀಟುಗಳ ಸಮೇತ ಬಂದು ಮಗುವಿನಂತೆ ಅಂಗೈ ಚಾಚಿದರು. ಮೂರು ಬೆರಳಿಗೆ ಗೀಟಿತ್ತು, ಕಿರುಬೆರಳು ಖಾಲಿ. ಕೈ ಕೊಡವಿದರೆ ಹಾಯೆನಿಸುತ್ತದೆ ಎಂದೂ ಆಗಲೇ ನೆನಪಿಸಿಕೊಂಡು ಹೇಳಿದರು. ಅದೂ ದೊಡ್ಡ ಸುಳಿವೇ.

ಇನ್ನುಳಿದ ಪರೀಕ್ಷೆಗಳೂ ಇವೆ: ನರದ ಮೇಲೆ ಬೆರಳಿನಿಂದ ತಟ್ಟುವ ಟಿನೆಲ್, ಹೆಬ್ಬೆರಳಿನಿಂದ ಸುಮಾರು 30 ಸೆಕೆಂಡು ಒತ್ತಿ ಹಿಡಿಯುವ ಡರ್ಕನ್. ಯಾವುದೊಂದೂ ತಾನಾಗಿ ತೀರ್ಪು ಕೊಡುವುದಿಲ್ಲ. ಕಾಯಿಲೆ ಇದ್ದೂ ಜೋಮು ಬಾರದಿರಬಹುದು, ಇಲ್ಲದೆಯೂ ಬರಬಹುದು. ಕತ್ತಿನ ನರ ಒತ್ತಿದಾಗಲೂ ಹೆಬ್ಬೆರಳು, ತೋರುಬೆರಳು ಮರಗಟ್ಟುವುದುಂಟು. ಕೈ ತೋರಿಸಲು ಬಂದವರ ಕತ್ತನ್ನೂ ತಿರುಗಿಸಿ ನೋಡುವುದು, ಸಕ್ಕರೆ ಕಾಯಿಲೆ, ಥೈರಾಯ್ಡ್ ವಿಚಾರಿಸುವುದು ಸುಮ್ಮನೆ ಅಲ್ಲ. ನರದ ವೇಗ ಅಳೆಯುವ ಪರೀಕ್ಷೆ ಬೇಕೇ ಎಂಬುದು ಆಮೇಲಿನ ಮಾತು.

ಮನೆಯಲ್ಲಿ ನೋಡಿಕೊಳ್ಳಲೇಬೇಕೆಂದಿದ್ದರೆ ಎರಡೂ ಅಂಗೈಗಳನ್ನು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ಮಾಂಸ ನೋಡಿ. ಒಂದು ಕಡೆ ಚಪ್ಪಟೆಯಾಗಿದ್ದರೆ, ಅಥವಾ ಅಂಗೈ ಮೇಲ್ಮುಖವಾಗಿಟ್ಟು ಹೆಬ್ಬೆರಳನ್ನು ಮೇಲೆತ್ತಲು ಬಲ ಸಾಲದಿದ್ದರೆ, ಜೋಮು ಹಗಲಿಡೀ ಬಿಡದಿದ್ದರೆ, ತಡಮಾಡದೆ ಬನ್ನಿ. ರಾತ್ರಿ ಮಾತ್ರ ಕಾಡುವ ಜೋಮಿಗೆ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯೇ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಆ ಮಾಂಸ ಕರಗಿದ ಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಮರಳಿ ತುಂಬಿಕೊಳ್ಳುತ್ತದೆ ಎಂಬ ಭರವಸೆ ನಾನು ಕೊಡಲಾರೆ.