ವಿಮರ್ಶಕರೇ ಮಾರುವ ಅಗ್ಗದ ಗೇಮಿಂಗ್ ಮೌಸ್: ಮೊದಲ ದಿನದ ಹೊಗಳಿಕೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ಹಲವು ವರ್ಷಗಳಿಂದ ಕಂಪ್ಯೂಟರ್ ಬಿಡಿಭಾಗಗಳ ವಿಮರ್ಶೆ ಮಾಡುತ್ತ ಬಂದ ಯೂಟ್ಯೂಬ್ ಚಾನೆಲ್‌ನವರು ಈಗ ತಾವೇ ಕಡಿಮೆ ಬೆಲೆಯ ಗೇಮಿಂಗ್ ಮೌಸ್ ಮಾರಲು ಹೊರಟಿದ್ದಾರೆ. ಅದು ಕೈಗೆ ಬಂದ ದಿನವೇ ವಿಡಿಯೊ ಮಾಡಿದವರೆಲ್ಲ ಹೊಗಳಿದ್ದಾರೆ. ಪಿಯುಸಿ ಓದುತ್ತಿರುವ ತಮ್ಮನಿಗೆ ಕೊಡಿಸೋಣ ಎಂದಿದ್ದೇನೆ. ನಂಬಿ ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು, ಆದರೆ ಆ ವಿಡಿಯೊಗಳನ್ನು ನೋಡಿ ತೀರ್ಮಾನ ಮಾಡಬೇಡಿ. ಮೌಸಿನ ಗುಣದಲ್ಲಿ ಅರ್ಧದಷ್ಟು ಮಾತ್ರ ಮೊದಲ ದಿನ ಕೈಗೆ ತಿಳಿಯುತ್ತದೆ. ಬೆಲೆ ಇಳಿಸಲು ತಯಾರಕರು ಕತ್ತರಿ ಹಾಕುವುದು ಹೆಚ್ಚಾಗಿ ಉಳಿದರ್ಧಕ್ಕೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಮೌಸಿನ ವಿಷಯದಲ್ಲಿ ಅಷ್ಟು ಸಾಲದು.

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಒಂದು ಮೌಸನ್ನು ಹೀಗೆಯೇ ಮೊದಲ ದಿನದ ವಿಡಿಯೊಗಳನ್ನು ನೋಡಿ ಸುಮಾರು 1,300 ರೂಪಾಯಿಗೆ ಕೊಂಡಿದ್ದೆ. ಪೆಟ್ಟಿಗೆ ಬಿಚ್ಚಿದ ಸಂಜೆಯ ಖುಷಿ ನಿಜವಾದದ್ದೇ: ಹಗುರ, ನುಣುಪು, ಕ್ಲಿಕ್ಕಿನ ಸದ್ದು ಖಡಕ್ಕು. ಆ ರಾತ್ರಿಯೇ ಬರೆಯಲು ಕುಳಿತಿದ್ದರೆ ನಾನೂ ಹೊಗಳಿಯೇ ಬರೆಯುತ್ತಿದ್ದೆ. ಏಳನೆಯ ತಿಂಗಳಲ್ಲಿ ಒಂದು ದಿನ ಫೋಟೊಗಳ ಫೋಲ್ಡರ್ ಒಂದನ್ನು ಎಳೆದೊಯ್ಯುತ್ತಿದ್ದಾಗ ಅದು ನಡುದಾರಿಯಲ್ಲೇ ಕಳಚಿಕೊಂಡು ಯಾವುದೋ ಬೇರೆ ಫೋಲ್ಡರಿನೊಳಗೆ ಬಿತ್ತು. ಬೆರಳು ಎಡಗುಂಡಿಯನ್ನು ಒತ್ತಿಯೇ ಇತ್ತು. ಮರುವಾರದಿಂದ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಕಂಪ್ಯೂಟರಿಗೆ ಕೇಳಿಸತೊಡಗಿತು. ಹೊಗಳಿದ್ದ ವಿಡಿಯೊಗಳು ಹಾಗೆಯೇ ಇದ್ದವು. ಆರು ತಿಂಗಳ ಬಳಿಕ ಮೌಸ್ ಹೇಗಿದೆ ಎಂದು ಅವರಲ್ಲಿ ಒಬ್ಬರೂ ಮತ್ತೆ ಹೇಳಿರಲಿಲ್ಲ.

ಮೊದಲು ನಿಮ್ಮನ್ನು ಒಂದು ಚಿಂತೆಯಿಂದ ಬಿಡಿಸುತ್ತೇನೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಡಿಪಿಐ ಸಂಖ್ಯೆಗೆ ನಿಮ್ಮ ತಮ್ಮನ ಆಟದಲ್ಲಿ ಏನೂ ಕೆಲಸವಿಲ್ಲ. ಮೌಸನ್ನು ಒಂದು ಅಂಗುಲ ಸರಿಸಿದಾಗ ಕಂಪ್ಯೂಟರಿಗೆ ಎಷ್ಟು ಎಣಿಕೆಗಳು ಹೋಗುತ್ತವೆ ಎಂಬುದೇ ಡಿಪಿಐ. 800 ಡಿಪಿಐಯಲ್ಲಿ, ವಿಂಡೋಸ್ ಎಣಿಕೆಗಳನ್ನು ಇದ್ದದ್ದು ಇದ್ದಂತೆ ಬಳಸಿದರೆ, 1920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು ಮೌಸನ್ನು ಸುಮಾರು 6 ಸೆಂಟಿಮೀಟರ್ ಸರಿಸಬೇಕು. 26,000 ಡಿಪಿಐಯಲ್ಲಿ 2 ಮಿಲಿಮೀಟರಿಗಿಂತ ಕಡಿಮೆ ಸಾಕು. ಎರಡು ಮಿಲಿಮೀಟರಿನೊಳಗೆ ಗುರಿ ಹಿಡಿಯುವ ಕೈ ಯಾರಿಗಿದೆ? ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡಿ ಹೊಟ್ಟೆ ಹೊರೆಯುವ ವೃತ್ತಿಪರರಲ್ಲಿ ಹೆಚ್ಚಿನವರು ಇಂದಿಗೂ 400 ಅಥವಾ 800ರಲ್ಲೇ ಆಡುತ್ತಾರೆ.

ಸೆನ್ಸರ್ ಎಂದರೆ ಮೌಸಿನ ಹೊಟ್ಟೆಯಲ್ಲಿ ಕೆಳಮುಖವಾಗಿ ಕುಳಿತಿರುವ ಪುಟ್ಟ ಕ್ಯಾಮೆರಾ. ಪ್ಯಾಡಿನ ಮೇಲ್ಮೈಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಎರಡು ಚಿತ್ರಗಳ ನಡುವೆ ಎಷ್ಟು ಸರಿದಿದ್ದೇವೆ ಎಂದು ಲೆಕ್ಕ ಹಾಕುವುದೇ ಅದರ ಕೆಲಸ. 1999ರಲ್ಲಿ ಬಂದ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಸೆಕೆಂಡಿಗೆ 1,500 ಚಿತ್ರ ತೆಗೆಯುತ್ತಿತ್ತು. ತೈವಾನಿನ ಪಿಕ್ಸ್‌ಆರ್ಟ್ ಕಂಪನಿಯ ಪಿಎಂಡಬ್ಲ್ಯೂ 3360 ಸೆನ್ಸರ್ 12,000 ಚಿತ್ರಗಳವರೆಗೆ ತೆಗೆಯುತ್ತದೆ. ಆಟಗಾರರು ವರ್ಷಗಟ್ಟಲೆ ನಂಬಿದ ಸೆನ್ಸರ್ ಅದು, ಕೈಯ ಚಲನೆಗೆ ಅದರಷ್ಟು ಸಾಕು. ಹಾಗಾಗಿ ಪೆಟ್ಟಿಗೆಯ ಮೇಲೆ ಡಿಪಿಐ ನೋಡುವ ಬದಲು ಸೆನ್ಸರಿನ ಹೆಸರು ಹುಡುಕಿ. ಹೆಸರನ್ನೇ ಮುಚ್ಚಿಟ್ಟು 'ಗೇಮಿಂಗ್ ದರ್ಜೆಯ ಸೆನ್ಸರ್' ಎಂದಷ್ಟೇ ಬರೆದಿದ್ದರೆ ನಾನು ಆ ಪೆಟ್ಟಿಗೆಯನ್ನು ಕೆಳಗಿಡುತ್ತೇನೆ.

ಕಡಿಮೆ ಬೆಲೆಯ ಸೆನ್ಸರ್ ಎಡವುವುದು ಒಂದು ಕಡೆ, ಅದು ವೇಗದಲ್ಲಿ. ಅದೇ ಪಿಕ್ಸ್‌ಆರ್ಟ್ ಕಂಪನಿಯ 3325 ಸೆನ್ಸರ್ ಹಿಂಬಾಲಿಸಬಲ್ಲದ್ದು ಸೆಕೆಂಡಿಗೆ 100 ಅಂಗುಲವನ್ನು, ಎಂದರೆ ಸುಮಾರು ಎರಡೂವರೆ ಮೀಟರ್. 3360ರ ಮಿತಿ 250 ಅಂಗುಲ, ಆರು ಮೀಟರಿಗೂ ಮೇಲು. ಕಚೇರಿ ಕೆಲಸದಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯದು. ಆದರೆ ಆಟದೊಳಗಿನ ಸೆನ್ಸಿಟಿವಿಟಿಯನ್ನು (ಮೌಸ್ ಸರಿಸಿದಷ್ಟಕ್ಕೆ ನೋಟ ಎಷ್ಟು ತಿರುಗಬೇಕು ಎಂಬ ಸೆಟ್ಟಿಂಗ್) ತಗ್ಗಿಸಿಕೊಂಡು ಇಡೀ ತೋಳಿನಿಂದ ಆಡುವ ಹುಡುಗರು ಬೆನ್ನ ಹಿಂದಿನ ಶತ್ರುವಿನ ಕಡೆಗೆ ಒಮ್ಮೆಲೇ ತಿರುಗುವಾಗ ಮೌಸನ್ನು ಬೀಸಿ ಎಳೆಯುತ್ತಾರೆ. ಆ ಕ್ಷಣದಲ್ಲಿ ಸೆನ್ಸರ್ ದಿಕ್ಕು ತಪ್ಪಿದರೆ ನೋಟ ಆಕಾಶಕ್ಕೋ ನೆಲಕ್ಕೋ ಹೋಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ ವೇಗಕ್ಕೆ ತಕ್ಕಂತೆ ಬಾಣವನ್ನು ಮುಂದೋಡಿಸುವ ಆಯ್ಕೆ (Enhance pointer precision) ಒಂದಿರುತ್ತದೆ, ಮೊದಲು ಅದನ್ನು ತೆಗೆದುಹಾಕಿ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳನ್ನು ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ಅಲುಗಾಡದಂತೆ ಇಡಿ. ಆಟ ತೆರೆದು, ಮೌಸನ್ನು ಎಡಗಡೆಯ ಪುಸ್ತಕಕ್ಕೆ ತಾಗಿಸಿ, ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿ ಇಡಿ. ಈಗ ಸಾಧ್ಯವಾದಷ್ಟು ಜೋರಾಗಿ ಬಲಗಡೆಯ ಪುಸ್ತಕದವರೆಗೆ ಎಳೆದು, ನಿಧಾನವಾಗಿ ಮರಳಿ ತನ್ನಿ. ಗುರಿ ಅದೇ ಚುಕ್ಕೆಯ ಆಸುಪಾಸಿಗೆ ಬಂದು ನಿಂತರೆ ಸೆನ್ಸರ್ ಗಟ್ಟಿ. ಪ್ರತಿ ಸಲವೂ ದೂರ ಉಳಿದರೆ ಮೌಸನ್ನು ಹಿಂದಿರುಗಿಸಿ. ಇದರ ಜೊತೆಗೆ ಪೇಂಟ್ ತೆರೆದು ಅಡ್ಡಗೆರೆ, ಉದ್ದಗೆರೆಗಳನ್ನು ನಿಧಾನವಾಗಿ ಎಳೆಯಿರಿ. ಕೈಯಿಂದ ಎಳೆದ ಗೆರೆ ಕೊಂಚ ಸೊಟ್ಟಗಿರಬೇಕು. ಅಡಿಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ ಬಂದರೆ ಮೌಸ್ ನಿಮ್ಮ ಕೈಯನ್ನು ತಾನೇ ತಿದ್ದುತ್ತಿದೆ ಎಂದರ್ಥ, ಆಟಕ್ಕೆ ಅದು ಒಳ್ಳೆಯದಲ್ಲ.

ಆಕಾರದ ಮಾತು ಬೇರೆ. ಅದರಲ್ಲಿ ವಿಮರ್ಶಕರ ಮೆಚ್ಚುಗೆಗಿಂತ ತಮ್ಮನ ಕೈಯೇ ದೊಡ್ಡ ಪ್ರಮಾಣ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆದು ನೋಡಿ. ಈ ಬೆಲೆಯಲ್ಲಿ ನಮ್ಮಲ್ಲಿ ಬಹಳ ಕಾಲದಿಂದ ಮಾರಾಟವಾಗುತ್ತಿರುವ ಲಾಜಿಟೆಕ್ ಜಿ102 ಮೌಸಿನ ಉದ್ದ 116.6 ಮಿಲಿಮೀಟರ್, ತೂಕ 85 ಗ್ರಾಂ. 17–18 ಸೆಂಟಿಮೀಟರಿನ ಕೈಗೆ ಅದು ಹಾಯಾಗಿ ಕೂರುತ್ತದೆ. 20 ಸೆಂಟಿಮೀಟರಿನ ಕೈ ಅದರ ಮೇಲೆ ಮುದುಡಿಕೊಳ್ಳುತ್ತದೆ, ಕಿರುಬೆರಳು ಜಾರಿ ಪ್ಯಾಡನ್ನು ಸವರುತ್ತಿರುತ್ತದೆ. ಕೆಲವರು ಇಡೀ ಅಂಗೈಯನ್ನು ಮೌಸಿನ ಬೆನ್ನ ಮೇಲೆ ಊರುತ್ತಾರೆ, ಕೆಲವರು ಬೆರಳುಗಳನ್ನು ಹಕ್ಕಿಯ ಉಗುರಿನಂತೆ ಬಾಗಿಸುತ್ತಾರೆ, ಕೆಲವರು ಬೆರಳ ತುದಿಗಳಲ್ಲಷ್ಟೇ ಹಿಡಿಯುತ್ತಾರೆ. ಒಬ್ಬರಿಗೆ ವರವಾದ ಬೆನ್ನುಬ್ಬು ಇನ್ನೊಬ್ಬರಿಗೆ ನೋವು. ಹೊಸ ಚಪ್ಪಲಿ ಅಂಗಡಿಯಲ್ಲಿ ಕಚ್ಚುವುದಿಲ್ಲ, ಒಂದು ಮೈಲಿ ನಡೆದ ಮೇಲೆ ಕಚ್ಚುತ್ತದೆ. ಮೌಸಿನ ಆಕಾರವೂ ಹಾಗೆಯೇ. ದಿನಕ್ಕೆ ಎರಡು ಗಂಟೆಯಂತೆ ನಾಲ್ಕೈದು ದಿನ ಆಡಿದ ಮೇಲೆ ಉಂಗುರ ಬೆರಳಿನ ಬದಿಯಲ್ಲಿ ಉರಿ, ಹೆಬ್ಬೆರಳ ಬುಡದಲ್ಲಿ ಸೆಳೆತ ಇದೆಯೇ ಎಂದು ತಮ್ಮನನ್ನು ಕೇಳಿ.

ಈಗ ನನ್ನ ಮೌಸ್ ಕೆಟ್ಟ ಜಾಗಕ್ಕೆ ಬರುತ್ತೇನೆ. ಗುಂಡಿಯ ಕೆಳಗಿನ ಸಾಮಾನ್ಯ ಸ್ವಿಚ್ಚಿನೊಳಗೆ ಬೆರಳುಗುರಿಗಿಂತಲೂ ಕಿರಿದಾದ ತೆಳು ಲೋಹದ ಎಲೆಯೊಂದಿದೆ. ನಾವು ಒತ್ತಿದಾಗ ಅದು ಪಟ್ಟೆಂದು ಕೆಳಗೆ ಬಿದ್ದು ಇನ್ನೊಂದು ಲೋಹವನ್ನು ಮುಟ್ಟುತ್ತದೆ. ನಮ್ಮ ಕಿವಿಗೆ ಕೇಳುವ ಕ್ಲಿಕ್ ಅದೇ. ಆದರೆ ಅದು ಮುಟ್ಟಿ ಸುಮ್ಮನೆ ಕೂರುವುದಿಲ್ಲ. ನೆಲಕ್ಕೆ ಬಿದ್ದ ಚಮಚದಂತೆ ಕೆಲವು ಸಲ ಪುಟಿದು ಆಮೇಲೆ ನಿಲ್ಲುತ್ತದೆ, ಎಲ್ಲವೂ ಕೆಲವೇ ಮಿಲಿಸೆಕೆಂಡುಗಳಲ್ಲಿ. ಈ ಪುಟಿತಗಳನ್ನೆಲ್ಲ ಬೇರೆ ಬೇರೆ ಕ್ಲಿಕ್ ಎಂದು ಎಣಿಸದಿರಲು ಮೌಸಿನ ಒಳಗಿನ ತಂತ್ರಾಂಶ ಮೊದಲ ಸ್ಪರ್ಶದ ನಂತರ ಕೆಲವು ಮಿಲಿಸೆಕೆಂಡು ಕಣ್ಣು ಮುಚ್ಚಿಕೊಂಡಿರುತ್ತದೆ. ಎಲೆಯ ಬಿಗಿ ಸಡಿಲವಾದಂತೆ, ಲೋಹದ ಮೇಲೆ ಕಿಲುಬು ಕಟ್ಟಿದಂತೆ ಪುಟಿತ ಉದ್ದವಾಗುತ್ತದೆ. ಕಣ್ಣು ಮುಚ್ಚುವ ಅವಧಿಯನ್ನೂ ಅದು ಮೀರಿದ ದಿನ ಒಂದು ಕ್ಲಿಕ್ ಎರಡಾಗುತ್ತದೆ. ಬಲಗುಂಡಿಗೆ ಇದೇ ರೋಗ ಬಂದರೆ ಕೌಂಟರ್ ಸ್ಟ್ರೈಕಿನ ಎಡಬ್ಲ್ಯೂಪಿ ಬಂದೂಕು ಮೊದಲ ಹಂತದ ದುರ್ಬೀನಿನಲ್ಲಿ ನಿಲ್ಲದೆ ನೇರವಾಗಿ ಎರಡನೆಯ ಹಂತಕ್ಕೆ ಜಿಗಿಯುತ್ತದೆ. ಆಡುವವನ ಪಾಲಿಗೆ ಆ ಸುತ್ತು ಅಲ್ಲಿಗೇ ಮುಗಿದಂತೆ.

ತಂತ್ರಾಂಶ ಕಣ್ಣು ಮುಚ್ಚುವ ಆ ಅವಧಿಯನ್ನು ತಯಾರಕರು ಕಡಿಮೆ ಮಾಡಿದರೆ ಮೌಸ್ ಚುರುಕಾದಂತೆ ತೋರಿಸಬಹುದು. ಹೊಸ ಸ್ವಿಚ್ಚಿನಲ್ಲಿ ಪುಟಿತ ಕಡಿಮೆ ಇರುವುದರಿಂದ ಮೊದಲ ದಿನದ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಸ್ವಿಚ್ ಹಳತಾದಾಗ ಕಷ್ಟ ಶುರುವಾಗುತ್ತದೆ. ಆದ್ದರಿಂದ ಮೌಸಿನ ತಂತ್ರಾಂಶದಲ್ಲಿ ಈ ಅವಧಿಯನ್ನು ನಾವೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅವಕಾಶ ಇದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ. ಇದ್ದರೆ ಡಬಲ್ ಕ್ಲಿಕ್ ಶುರುವಾದ ಮೌಸಿಗೂ ಕೆಲವು ತಿಂಗಳ ಆಯುಷ್ಯ ಸಿಗುತ್ತದೆ. 2 ಕೋಟಿ ಕ್ಲಿಕ್, 8 ಕೋಟಿ ಕ್ಲಿಕ್ ಎಂಬ ಸಂಖ್ಯೆಗಳು ಸ್ವಿಚ್ ತಯಾರಕರು ಪರೀಕ್ಷೆಯ ಸ್ಥಿತಿಯಲ್ಲಿ ಕೊಡುವ ಅಂದಾಜುಗಳು, ನಿಮ್ಮ ಮೌಸಿಗೆ ಕೊಟ್ಟ ಭಾಷೆಯಲ್ಲ. ಲೋಹ ಲೋಹವನ್ನು ಮುಟ್ಟದೆ ಬೆಳಕಿನ ಕಿರಣ ಕಡಿದಾಗ ಕ್ಲಿಕ್ ಎಂದು ತಿಳಿಯುವ ಆಪ್ಟಿಕಲ್ ಸ್ವಿಚ್ಚುಗಳಿಗೆ ಈ ರೋಗವಿಲ್ಲ. 2020ರಲ್ಲಿ ಬಂದ 61 ಗ್ರಾಂ ತೂಕದ ರೇಜರ್ ವೈಪರ್ ಮಿನಿಯಂತಹ ದುಬಾರಿಯಲ್ಲದ ಮೌಸಿನಲ್ಲೂ ಅವು ಇದ್ದವು. ನನ್ನ ದುಡ್ಡಾದರೆ 200–300 ರೂಪಾಯಿ ಹೆಚ್ಚು ಕೊಟ್ಟಾದರೂ ಅಂತಹ ಸ್ವಿಚ್ ಇರುವುದನ್ನೇ ಆರಿಸುತ್ತೇನೆ.

ಕೇಬಲ್ ಮತ್ತು ಕೆಳಗಿನ ಜಾರುಪಟ್ಟಿಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪಟ್ಟಿ ಸವೆದರೆ ಬೇರೆ ಸಿಗುತ್ತದೆ. ಕೇಬಲ್ ಶೂ ಲೇಸಿನಷ್ಟು ಮೆತ್ತಗಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಆಡಬಹುದು. 1,000 ಹರ್ಟ್ಸ್ ಪೋಲಿಂಗ್ ಎಂದರೆ ಪ್ರತಿ ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ವರದಿ. ಅದಕ್ಕಿಂತ ಹೆಚ್ಚಿನದಕ್ಕೆ ಪಿಯುಸಿ ಹುಡುಗ ದುಡ್ಡು ಸುರಿಯಬೇಕಾಗಿಲ್ಲ.

ಇನ್ನು ಮಾರುವವರ ವಿಷಯ. ವಿಮರ್ಶಕರು ಮೌಸ್ ಮಾರುವುದು ತಪ್ಪಲ್ಲ. ನೂರಾರು ಮೌಸುಗಳನ್ನು ಹಿಡಿದು ನೋಡಿದ ಕೈ ಆಕಾರವನ್ನು ಚೆನ್ನಾಗಿಯೇ ಆರಿಸುತ್ತದೆ. ಆಸ್ಟ್ರೇಲಿಯದ ಆಪ್ಟಿಮಮ್ ಚಾನೆಲ್ 3ಡಿ ಮುದ್ರಣದಿಂದ ರೂಪಿಸಿದ ಝೀರೋಮೌಸ್, ಬೆರಳ ತುದಿಯಲ್ಲಿ ಹಿಡಿಯುವವರ ಕಷ್ಟ ಬಲ್ಲವರ ಕೆಲಸ. ದೊಡ್ಡ ಕಂಪನಿಗಳು ಆ ಸಣ್ಣ ಗುಂಪಿನ ಕಡೆ ಹೆಚ್ಚು ಗಮನ ಕೊಟ್ಟಿರಲಿಲ್ಲ. ಆದರೆ ಅಗ್ಗದ ಮೌಸುಗಳಲ್ಲಿ ಅನೇಕವು ಚೀನಾದ ಕಾರ್ಖಾನೆಗಳು ಮೊದಲೇ ಸಿದ್ಧಪಡಿಸಿಟ್ಟ ಅಚ್ಚುಗಳು. ಅದೇ ಕವಚ ನಾಲ್ಕು ಹೆಸರಿನಲ್ಲಿ, ನಾಲ್ಕು ಬೆಲೆಗೆ ಸಿಗುತ್ತದೆ. ಅದರ ಮೇಲೆ ವಿಮರ್ಶಕರ ಹೆಸರು ಬಿದ್ದಾಗ ಅವರು ನಿಜಕ್ಕೂ ಬದಲಿಸಿದ್ದೇನು ಎಂದು ಕೇಳುವ ಹಕ್ಕು ನಮಗಿದೆ. ಸ್ವಿಚ್ ಬದಲಿಸಿದರೇ, ತಂತ್ರಾಂಶ ತಿದ್ದಿದರೇ, ಬಣ್ಣ ಮಾತ್ರವೇ?

ಹೊಗಳಿದವರ ಬಗ್ಗೆಯೂ ನೋಡಿಕೊಳ್ಳಿ. ಉಚಿತವಾಗಿ ಪಡೆದ ವಸ್ತುವಿನ ಬಗ್ಗೆ, ದುಡ್ಡು ಪಡೆದು ಮಾಡಿದ ವಿಡಿಯೊ ಬಗ್ಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇದನ್ನೇ ಹೇಳಿತು. ವಿಡಿಯೊದ ಆರಂಭದಲ್ಲೇ ಆ ಮಾತು ಬಂದಿದ್ದರೆ ನನಗೆ ಆ ವಿಮರ್ಶಕರ ಮೇಲೆ ಗೌರವ ಹೆಚ್ಚುತ್ತದೆ.

ಕೊನೆಯದಾಗಿ, ಕೆಟ್ಟರೆ ಯಾರು ಬದಲಿಸಿ ಕೊಡುತ್ತಾರೆ? ವಿದೇಶದಿಂದ ತರಿಸಿದ ಮೌಸಿಗೆ ಸೀಮಾ ಸುಂಕ ಬೀಳುತ್ತದೆ, ಕೆಟ್ಟಾಗ ಹಿಂದಿರುಗಿಸಲು ಅಂಚೆ ವೆಚ್ಚವೇ ಮೌಸಿನ ಬೆಲೆಯ ಹತ್ತಿರ ಹೋಗಬಹುದು. ಭಾರತದಲ್ಲೇ ಬಿಲ್ಲು ಕೊಟ್ಟು ಮಾರುವವರಾದರೆ ವಾರಂಟಿ ಎಷ್ಟು ವರ್ಷ, ಡಬಲ್ ಕ್ಲಿಕ್ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಉಳಿಸಿಕೊಳ್ಳಿ. ಬಿಲ್ಲಿದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬೆಂಗಳೂರಿನಲ್ಲಿದ್ದರೆ ತಮ್ಮನನ್ನು ಒಂದು ಶನಿವಾರ ಎಸ್‌.ಪಿ. ರಸ್ತೆಗೆ ಕರೆದೊಯ್ಯಿರಿ. ಪ್ರದರ್ಶನಕ್ಕಿಟ್ಟ ನಾಲ್ಕಾರು ಮೌಸುಗಳನ್ನು ಅವನು ಕೈಯಲ್ಲಿ ಹಿಡಿದು ನೋಡಲಿ. ಯಾವುದನ್ನು ಹಿಡಿದಾಗ ಅವನು ಬೆರಳುಗಳನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವುದಿಲ್ಲವೋ ಅದರ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ವಿಮರ್ಶಕರು ಮಾರುತ್ತಿರುವ ಮೌಸಿನ ಅಳತೆ ಅದಕ್ಕೆ ಹೊಂದಿದರೆ, ಸೆನ್ಸರಿನ ಹೆಸರು, ಸ್ವಿಚ್ಚಿನ ಹೆಸರು ಮತ್ತು ವಾರಂಟಿಯ ಉತ್ತರ ಮೂರೂ ನಿಮ್ಮ ಕೈಯಲ್ಲಿದ್ದರೆ, ಧೈರ್ಯವಾಗಿ ಕೊಡಿಸಿ. ಪುಸ್ತಕಗಳ ಪರೀಕ್ಷೆಯನ್ನು ಮಾತ್ರ ವಾಪಸಾತಿಯ ಗಡುವು ಮುಗಿಯುವ ಮುನ್ನವೇ ಮಾಡಿಬಿಡಿ.