ಬೆಳ್ಳಿ ಯಾರಿಗೆ, ಕಂಚು ಯಾರಿಗೆ: ಬ್ರಿಟಿಷ್ ಯುದ್ಧ ಪದಕಗಳ ಹಿನ್ನೆಲೆ

ಒಂದೇ ಯುದ್ಧ, ಒಂದೇ ಮುದ್ರೆ, ಒಂದೇ ಬಗೆಯ ರಿಬ್ಬನ್ ಪಟ್ಟಿ. ಆದರೂ ಒಂದನೆಯ ಮಹಾಯುದ್ಧದ ‘ಬ್ರಿಟಿಷ್ ವಾರ್ ಮೆಡಲ್’ ಕೆಲವರ ಮನೆಯಲ್ಲಿ ಬೆಳ್ಳಿಯದು, ಕೆಲವರ ಮನೆಯಲ್ಲಿ ಕಂಚಿನದು. ಹಳೆಯ ಟ್ರಂಕಿನಲ್ಲಿ ಮುತ್ತಜ್ಜನ ಪದಕ ಸಿಕ್ಕವರು ಕಂಚಿನದು ನಕಲಿಯಿರಬೇಕೆಂದು ಸಂದೇಹಪಡುವುದುಂಟು. ಕಂಚಿನದೂ ಅಸಲಿಯೇ. ಲೋಹ ಬೇರೆಯಾದದ್ದಕ್ಕೆ ಕಾರಣ ತಿಳಿಯಬೇಕಾದರೆ ಕಂಪನಿ ಸರ್ಕಾರದ ಕಾಲಕ್ಕೆ ಹೋಗಬೇಕು.

1837ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಭಾರತೀಯ ಸಿಪಾಯಿಗಳ ಶೌರ್ಯಕ್ಕೆಂದು ‘ಆರ್ಡರ್ ಆಫ್ ಮೆರಿಟ್’ ಆರಂಭಿಸಿತು. ಅದರಲ್ಲಿ ಮೂರು ದರ್ಜೆಗಳಿದ್ದವು. ಪದಕದೊಂದಿಗೆ ಸಂಬಳವೂ ಏರುತ್ತಿತ್ತು; ಮೊದಲ ದರ್ಜೆಗೆ ಏರಿದವನಿಗೆ ಇಮ್ಮಡಿ ಸಂಬಳ. 1856ರಲ್ಲಿ ಬಂದ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬ್ರಿಟಿಷ್ ಸೈನ್ಯದ ಸಾಮಾನ್ಯ ಸೈನಿಕನಿಗೂ ಸಿಗುತ್ತಿತ್ತು, ಭಾರತೀಯ ಸಿಪಾಯಿಗೆ ಮಾತ್ರ ಸಿಗುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1911ರ ದೆಹಲಿ ದರ್ಬಾರಿನಲ್ಲಿ. ಮೂರು ವರ್ಷಗಳ ಬಳಿಕ, 1914ರ ಅಕ್ಟೋಬರ್ 31ರಂದು, ಬೆಲ್ಜಿಯಂನ ಹೊಲೆಬೆಕೆಯಲ್ಲಿ ಬಲೂಚಿ ಪಡೆಯ ಖುದಾದಾದ್ ಖಾನ್ ಜೊತೆಗಾರರೆಲ್ಲ ಸತ್ತ ಮೇಲೂ ಮೆಷಿನ್ ಗನ್ ಬಿಡದೆ ಹೋರಾಡಿ ವಿಕ್ಟೋರಿಯಾ ಕ್ರಾಸ್ ಗಳಿಸಿದರು. ಇಷ್ಟು ಬಂದೂಕು ಹಿಡಿದವರ ಕತೆ.

ಬಂದೂಕು ಹಿಡಿಯದೆ ಯುದ್ಧಭೂಮಿಗೆ ಹೋದವರ ಕತೆ ಬೇರೆ. ನೀರು ಹೊರುವ ಭಿಸ್ತಿ, ಅಡುಗೆಯವ, ಕುದುರೆ ನೋಡಿಕೊಳ್ಳುವವ, ಗಾಯಾಳುಗಳ ಡೋಲಿ ಹೊರುವ ಕಹಾರ, ಕಕ್ಕಸು ತೊಳೆಯುವವ ಎಲ್ಲರೂ ಸೈನ್ಯದ ಕಡತದಲ್ಲಿ ‘ಫಾಲೋವರ್’ಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಗಡಿ ಕಾಳಗಗಳಲ್ಲೇ ಇವರಿಗೆ ಕಂಚು, ಸಿಪಾಯಿಗೆ ಬೆಳ್ಳಿ ಎಂಬ ಪದ್ಧತಿ ಬೇರೂರಿತ್ತು. 1903–04ರ ಟಿಬೆಟ್ ದಂಡಯಾತ್ರೆಯ ಪದಕವೂ ಹಾಗೆಯೇ: ಹಿಮದ ಕಣಿವೆಗಳಲ್ಲಿ ಮೂಟೆ ಹೊತ್ತ ಕೂಲಿಗಳಿಗೆ ಕಂಚು.

ಮಹಾಯುದ್ಧ ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿತು. 1917ರಲ್ಲಿ ಫ್ರಾನ್ಸಿಗೆ ಹೋದ ಇಂಡಿಯನ್ ಲೇಬರ್ ಕೋರ್‌ನಲ್ಲಿ ಮಣಿಪುರ, ನಾಗಾ ಮತ್ತು ಲುಶಾಯ್ (ಇಂದಿನ ಮಿಜೋರಾಂ) ಗುಡ್ಡಗಳು, ಖಾಸಿ ಗುಡ್ಡಗಳು, ರಾಂಚಿ, ಬಿಹಾರಗಳ ಜನರಿದ್ದರು. ಕಾಡು ಕಡಿಯುವುದು, ರಸ್ತೆ ಹಾಕುವುದು, ಹಡಗು ಖಾಲಿ ಮಾಡುವುದು ಅವರ ಕೆಲಸ. ಮೂಳೆ ಕೊರೆಯುವ ಚಳಿ ಅವರ ಪಾಲು. ಆ ಕೂಲಿ ನೇಮಕಾತಿಗೆ ಒಪ್ಪದ ಕುಕಿ ಮುಖಂಡರು ಅದೇ ವರ್ಷ ಬಂಡೆದ್ದರು. ಬಂಡಾಯ 1919ರವರೆಗೆ ನಡೆಯಿತು. ಯುದ್ಧ ಮುಗಿದ ಮೇಲೆ ಭಾರತ, ಚೀನಾ, ಮಾಲ್ಟಾಗಳ ಕೂಲಿ ದಳಗಳಿಗೆ ಸುಮಾರು 1.10 ಲಕ್ಷ ಕಂಚಿನ ಪದಕಗಳು ಹೋದವು. ಬೆಳ್ಳಿಯವು ಸುಮಾರು 65 ಲಕ್ಷ. ಚೀನೀ ಕೂಲಿಗಳ ಪದಕದ ಅಂಚಿನಲ್ಲಿ ಹೆಸರನ್ನೂ ಕೆತ್ತಲಿಲ್ಲ, ಸಂಖ್ಯೆಯಷ್ಟೇ. ದಕ್ಷಿಣ ಆಫ್ರಿಕಾದ ಕರಿಯ ಕೂಲಿ ದಳದವರಿಗೆ ಅವರ ಸರ್ಕಾರದ ತೀರ್ಮಾನದಿಂದಾಗಿ ಕಂಚೂ ದಕ್ಕಲಿಲ್ಲ. ಅದೇ ದಳದ 600ಕ್ಕೂ ಹೆಚ್ಚು ಜನ 1917ರ ಫೆಬ್ರುವರಿಯಲ್ಲಿ ‘ಮೆಂಡಿ’ ಹಡಗಿನೊಂದಿಗೆ ಮುಳುಗಿ ಸತ್ತಿದ್ದರು.

ಆಡಳಿತದ ಕಣ್ಣಿನಲ್ಲಿ ಇದು ನಿಯಮ ಪಾಲನೆ: ಹೋರಾಡುವವ ಬೇರೆ, ಕೆಲಸಗಾರ ಬೇರೆ. ಶೆಲ್ ಬೀಳುವ ಜಾಗದಲ್ಲಿ ಡೋಲಿ ಹೊತ್ತು ನಡೆದವನಿಗೆ ಆ ವ್ಯತ್ಯಾಸ ಹೇಗೆ ಕಂಡಿರಬಹುದು ಎಂಬ ಪ್ರಶ್ನೆ ನಿಯಮದಲ್ಲಿ ಏಳುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾರ್ಮೆಲ್ ಬೆಟ್ಟ ಏರಿದ ಮೈಸೂರು ಲ್ಯಾನ್ಸರ್ಸ್ ಸವಾರರನ್ನು ನಾವು ಇಂದಿಗೂ ನೆನೆಯುತ್ತೇವೆ, ನೆನೆಯಲೇಬೇಕು. ಯಾವ ಅಶ್ವದಳವೂ ಮೇವು, ನೀರು, ಲಾಳದ ಕೆಲಸದವರಿಲ್ಲದೆ ಮುಂದೆ ಸಾಗಿಲ್ಲ ಎಂಬುದನ್ನೂ ಅದರ ಜೊತೆಗೇ ನೆನೆಯುವುದು ನ್ಯಾಯ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಲೋಹದ ಭೇದ ಹೋಯಿತು. ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದ ಪದಕ ಬಂದರೆ, ಭಾರತೀಯರ ಪದಕಗಳ ಮೇಲೆ ಹೆಸರು ಕೆತ್ತಲಾಗಿತ್ತು. ಬೆಂಗಳೂರೇ ನೆಲೆಯಾದ ಸೈನ್ಯದ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರಲ್ಲಿ ಇಟಲಿಯಲ್ಲಿ ಜೊತೆಗಾರರನ್ನು ಉಳಿಸಲು ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು. ಶತ್ರುವಿನ ನೇರ ಎದುರಿಲ್ಲದ ಧೈರ್ಯಕ್ಕೆ ಕೊಡುವ ಅತ್ಯುನ್ನತ ಬ್ರಿಟಿಷ್ ಪದಕ ಜಾರ್ಜ್ ಕ್ರಾಸ್ ಅವರಿಗೆ ಮರಣಾನಂತರ ಸಂದಿತು. 1950ರ ಜನವರಿ 26ರಂದು ಪರಮವೀರ ಚಕ್ರ ಬಂದ ಮೇಲೆ ಹಳೆಯ ಪದಕಗಳು ಮನೆಯ ಪೆಟ್ಟಿಗೆ ಸೇರಿದವು. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಜಿಗಿದಾಗ ಎಷ್ಟೋ ಬೆಳ್ಳಿ ಪದಕಗಳು ಕರಗಿದವು. ಇಂದು ಹರಾಜಿನಲ್ಲಿ ಅಪರೂಪದ ಕಂಚಿನದಕ್ಕೇ ಹೆಚ್ಚು ಬೆಲೆ.

ಪದಕದ ಲೆಕ್ಕ ಸ್ಮಾರಕಗಳಲ್ಲೂ ಕಾಣುತ್ತದೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರನ್ನೂ ಭಾರತೀಯ ಅಧಿಕಾರಿಗಳನ್ನೂ ಹೆಸರಿಸಿ, ಸಾಮಾನ್ಯ ಸಿಪಾಯಿಗಳನ್ನು ಎಣಿಕೆಯಲ್ಲಿ ಮುಗಿಸಲಾಗಿತ್ತು. ಒಂದನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಸತ್ತವರಲ್ಲಿ, ಹೆಚ್ಚಾಗಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರಾದ ಕನಿಷ್ಠ 1.16 ಲಕ್ಷ ಜನರಿಗೆ ಸ್ಮಾರಕಗಳಲ್ಲಿ ಹೆಸರಿಲ್ಲ, ಆ ಸಂಖ್ಯೆ 3.5 ಲಕ್ಷದವರೆಗೂ ಇರಬಹುದು ಎಂದು ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವರದಿ 2021ರಲ್ಲಿ ಒಪ್ಪಿಕೊಂಡಿತು. ಸಂಸ್ಥೆ ಕ್ಷಮೆಯನ್ನೂ ಕೇಳಿತು. ಹೆಸರು ಹುಡುಕುವ ಕೆಲಸಕ್ಕೆ ಹಳ್ಳಿ ಮನೆಗಳಲ್ಲಿ ಉಳಿದಿರುವ ಕಂಚಿನ ಪದಕಗಳೂ ಸಾಕ್ಷಿಯಾಗಬಲ್ಲವು. ಭಾರತೀಯರ ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ಸಂಖ್ಯೆ, ಹುದ್ದೆ, ಹೆಸರು, ದಳ ಇರುತ್ತವೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಅವು ಸವೆಯುತ್ತವೆ. ಇದ್ದಂತೆಯೇ ಬಿಟ್ಟು, ಓರೆ ಬೆಳಕಿನಲ್ಲಿ ಹಿಡಿದು ಓದಬೇಕು.