ಅರೀತಾ ಫ್ರಾಂಕ್ಲಿನ್ ಗೆಲ್ಲೋಕೆ ಏಳು ವರ್ಷ ಯಾಕೆ ಬೇಕಾಯಿತು?

1960ರಲ್ಲಿ ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳಲ್ಲಿ ಒಂದಾದ ಕೊಲಂಬಿಯಾ, 18 ವರ್ಷದ ಹುಡುಗಿಯೊಬ್ಬಳ ಜೊತೆ ಒಪ್ಪಂದ ಮಾಡಿಕೊಂಡಿತು. ಆರು ವರ್ಷ ಆಲ್ಬಮ್ ಮೇಲೆ ಆಲ್ಬಮ್ ತಂದಿತು. ಅಷ್ಟರಲ್ಲಿ ದೇಶದ ಟಾಪ್ 40 ಪಟ್ಟಿ ಹತ್ತಿದ್ದು ಒಂದೇ ಒಂದು ಹಾಡು. ಅದೂ 37ನೇ ಜಾಗಕ್ಕೆ. 1967ರ ಜನವರಿಯಲ್ಲಿ ಅದೇ ಗಾಯಕಿ ಬೇರೆ ಕಂಪನಿಗೆ ಹಾಡಿದರು. ಜೂನ್ ಹೊತ್ತಿಗೆ ಅವರ ಹಾಡು ದೇಶಕ್ಕೇ ನಂಬರ್ 1. ಮುಂದಿನ ವರ್ಷ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ.

ದನಿ ಬದಲಾಗಿರಲಿಲ್ಲ. ಹಾಗಾದ್ರೆ ಬದಲಾಗಿದ್ದು ಏನು?

ಒಬ್ಬ ಜಾಣ ನಿರ್ಮಾಪಕ ಸಿಕ್ಕ, ಪ್ರತಿಭೆಯನ್ನು ಗುರುತಿಸಿದ, ಹುಡುಗಿ ಗೆದ್ದಳು. ಅರೀತಾ ಫ್ರಾಂಕ್ಲಿನ್ ಕಥೆಯನ್ನು ಸಾಮಾನ್ಯವಾಗಿ ಹೀಗೇ ಹೇಳುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಗುರುತಿಸಿದವರಿಗೆ ಯಾವತ್ತೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅವರ ಪಾಡಿಗೆ ಅವರನ್ನು ಬಿಡುವವರದ್ದು.

ಅರೀತಾ ಹುಟ್ಟಿದ್ದು 1942ರ ಮಾರ್ಚ್ 25ರಂದು, ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಅಪ್ಪ ಸಿ.ಎಲ್. ಫ್ರಾಂಕ್ಲಿನ್ ಅಲ್ಲಿನ ನ್ಯೂ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಪಾದ್ರಿ ಅಂದ್ರೆ ಸುಮ್ನೆ ಪಾದ್ರಿ ಅಲ್ಲ, ಸ್ಟಾರ್. ಅವರ ಪ್ರವಚನಗಳ ರೆಕಾರ್ಡು ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು, ರೇಡಿಯೋದಲ್ಲಿ ಬರುತ್ತಿತ್ತು. ಪ್ರವಚನ ಮಾತಿನಲ್ಲಿ ಶುರುವಾಗುತ್ತಿತ್ತು. ನಿಧಾನಕ್ಕೆ ಮಾತಿಗೆ ಲಯ ಹತ್ತುತ್ತಿತ್ತು, ಲಯಕ್ಕೆ ಸ್ವರ ಸೇರುತ್ತಿತ್ತು, ಕೊನೆಗೆ ಅದು ಹಾಡೇ ಆಗಿಬಿಡುತ್ತಿತ್ತು. ಎದುರು ಕೂತವರೂ ಸುಮ್ಮನಿರುತ್ತಿರಲಿಲ್ಲ. ಸಾಲು ಸಾಲಿಗೂ ಕೂಗಿ ಉತ್ತರ ಕೊಡುತ್ತಿದ್ದರು. ಹರಿಕಥೆ ಕೇಳಿ ಬೆಳೆದವರಿಗೆ, ಭಜನೆಯಲ್ಲಿ ಒಬ್ಬರು ಹೇಳಿ ಹತ್ತು ಜನ ತಿರುಗಿ ಹೇಳುವುದನ್ನು ಕಂಡವರಿಗೆ ಇದು ತೀರಾ ಹೊಸದಲ್ಲ ಅಲ್ವಾ?

ಅಮ್ಮ ಬಾರ್ಬರಾ ಕೂಡ ಹಾಡುತ್ತಿದ್ದರು, ಪಿಯಾನೋ ನುಡಿಸುತ್ತಿದ್ದರು. 1948ರಲ್ಲಿ ಗಂಡನಿಂದ ಬೇರೆಯಾಗಿ ಬಫಲೋ ಊರಿಗೆ ಹೋದರು. 1952ರಲ್ಲಿ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅರೀತಾಗೆ ಹತ್ತು ತುಂಬಲು ಇನ್ನೂ ಕೆಲವು ದಿನ ಬಾಕಿ ಇತ್ತು.

ಮನೆಗೆ ಬಂದು ಹೋಗುತ್ತಿದ್ದವರ ಪಟ್ಟಿ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಗಾಸ್ಪೆಲ್, ಅಂದರೆ ಕಪ್ಪು ಜನರ ಚರ್ಚಿನ ಭಕ್ತಿಗೀತೆ ಹಾಡುವ ಮಹಾಲಿಯಾ ಜಾಕ್ಸನ್ ಮತ್ತು ಕ್ಲಾರಾ ವಾರ್ಡ್, ಜಾಝ್ ಪಿಯಾನೋದ ಆರ್ಟ್ ಟೇಟಮ್, ಆಗಿನ್ನೂ ಗಾಸ್ಪೆಲ್ ಹಾಡುತ್ತಿದ್ದ ಸ್ಯಾಮ್ ಕುಕ್. ಅಪ್ಪ ಮಗಳಿಗೆ ಪಿಯಾನೋ ಟೀಚರನ್ನು ಗೊತ್ತು ಮಾಡಿದರು. ಟೀಚರ್ ಬರುವ ಹೊತ್ತಿಗೆ ಹುಡುಗಿ ಎಲ್ಲೋ ಅಡಗಿ ಕೂರುತ್ತಿದ್ದಳು. ಸ್ವರಲಿಪಿ ಓದುವುದನ್ನು ಕಲಿಯಲೇ ಇಲ್ಲ. ಕಿವಿಗೆ ಬಿದ್ದದ್ದನ್ನು ಬೆರಳಲ್ಲಿ ಹುಡುಕಿ ಹುಡುಕಿ ಹಿಡಿದಳು. ಗೊತ್ತಾಗದ ಕಡೆ ಮನೆಗೆ ಬರುತ್ತಿದ್ದ ಜೇಮ್ಸ್ ಕ್ಲೀವ್‌ಲ್ಯಾಂಡ್ ಎಂಬ ಗಾಸ್ಪೆಲ್ ಸಂಗೀತಗಾರ ತೋರಿಸಿಕೊಟ್ಟರು. ಅವಳ ಹಾಡು ಮತ್ತು ಅವಳ ಪಿಯಾನೋ ಒಟ್ಟಿಗೇ ಬೆಳೆದವು. ಒಂದು ಬಿಟ್ಟು ಇನ್ನೊಂದಿಲ್ಲ. ಮುಂದೆ ಆದದ್ದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

1956ರಲ್ಲಿ ಅಪ್ಪನ ಚರ್ಚಿನಲ್ಲೇ ಅವಳ ಹಾಡುಗಳನ್ನು ರೆಕಾರ್ಡ್ ಮಾಡಿದರು. ಆಗ 14 ವರ್ಷ. ಮುಂದೆ ಪ್ರಪಂಚ ಕೇಳಲಿದ್ದ ದನಿ ಅದರಲ್ಲಿ ಆಗಲೇ ಇದೆ. ಒಂದಕ್ಷರವನ್ನು ಹಿಡಿದು ಏಳೆಂಟು ಸ್ವರ ಸುತ್ತಿಸಿ ತರುವುದು, ತಟ್ಟನೆ ಮೇಲಕ್ಕೆ ಹಾರುವುದು, ಜನ ಕೂಗಿದಾಗ ಅವರ ಕೂಗಿಗೇ ಉತ್ತರ ಕೊಡುವುದು. ಆಗಲೇ ಆಕೆ ಒಂದು ಮಗುವಿನ ತಾಯಿ ಕೂಡ. 15 ತುಂಬುವ ಮೊದಲೇ ಎರಡನೇ ಮಗು ಆಯಿತು. ಶಾಲೆ ಬಿಟ್ಟುಹೋಯಿತು. ಮಕ್ಕಳನ್ನು ಅಜ್ಜಿ ನೋಡಿಕೊಂಡರು, ಹುಡುಗಿ ಅಪ್ಪನ ಜೊತೆ ಊರೂರು ಸುತ್ತಿ ಹಾಡಿದಳು.

1957ರಲ್ಲಿ ಸ್ಯಾಮ್ ಕುಕ್ ಚರ್ಚಿನ ಹಾಡು ಬಿಟ್ಟು ಪ್ರೇಮಗೀತೆ ಹಾಡಿದರು. ಅದು ನಂಬರ್ 1 ಆಯಿತು. ದೇವರಿಗೆ ಹಾಡಿದ ಬಾಯಲ್ಲಿ ಇಂಥದ್ದಾ ಅಂತ ಗೊಣಗಿದವರು ಬಹಳ. ಆದರೆ ದಾರಿ ತೆರೆದಿತ್ತು. ಅರೀತಾ ತಾನೂ ಹಾಗೇ ಹೋಗುತ್ತೇನೆ ಅಂದಾಗ ಅಪ್ಪ ಅಡ್ಡಿ ಮಾಡಲಿಲ್ಲ. ಡೆಟ್ರಾಯಿಟ್‌ನಲ್ಲೇ ಬೆರ್ರಿ ಗೋರ್ಡಿ ಅವರ ಮೋಟೌನ್ ಕಂಪನಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ಅವರಿಗೂ ಈ ಹುಡುಗಿ ಬೇಕಿತ್ತು. ಅಪ್ಪನಿಗೆ ಅದು ತೀರಾ ಚಿಕ್ಕದು ಅನ್ನಿಸಿತು. ಕೊಲಂಬಿಯಾದಲ್ಲಿದ್ದ ಜಾನ್ ಹ್ಯಾಮಂಡ್ ಅವಳ ಹಾಡು ಕೇಳಿ ಮರುಳಾದರು. ಹಿಂದೆ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರನ್ನು ಗುರುತಿಸಿದವರೂ ಇವರೇ. ಕಿವಿ ಚೆನ್ನಾಗಿಯೇ ಇತ್ತು.

ಹಾಗಿದ್ದೂ ಆರು ವರ್ಷ ಕಳೆದುಹೋಯಿತು. ಮೊದಲ ಆಲ್ಬಮ್‌ನಲ್ಲಿ ಅರೀತಾ ಅಲ್ಲಲ್ಲಿ ಪಿಯಾನೋ ನುಡಿಸಿದ್ದರು. ಬರಬರುತ್ತಾ ಪಿಯಾನೋ ಹಿಂದಕ್ಕೆ ಸರಿಯಿತು, ವಯೊಲಿನ್‌ಗಳ ಸಾಲು ಮುಂದೆ ಬಂತು. ಒಂದು ಆಲ್ಬಮ್‌ನಲ್ಲಿ ಜಾಝ್, ಇನ್ನೊಂದರಲ್ಲಿ ನಾಟಕದ ಹಾಡು, ಮತ್ತೊಂದರಲ್ಲಿ ನೈಟ್‌ಕ್ಲಬ್ಬಿನ ಹಾಡು. ನಿರ್ಮಾಪಕರು ಬದಲಾದರು, ಬಟ್ಟೆ ಬದಲಾಯಿತು. ಈ ರೆಕಾರ್ಡುಗಳು ಕೆಟ್ಟದಾಗಿವೆ ಅಂತ ನಾನು ಹೇಳಲ್ಲ. ತೀರಿಹೋದ ಗಾಯಕಿ ಡೈನಾ ವಾಷಿಂಗ್ಟನ್ ನೆನಪಿಗೆ 1964ರಲ್ಲಿ ಮಾಡಿದ ಆಲ್ಬಮ್ ಈಗಲೂ ಕೇಳುವ ಹಾಗಿದೆ. ಆದರೆ ಬೇರೆಯವರು ಮೊದಲೇ ಬರೆದಿಟ್ಟ ವಾದ್ಯಗಳ ನಡುವೆ ಆ ದನಿ ಅತಿಥಿಯ ಹಾಗೆ ಕೇಳಿಸುತ್ತದೆ. ಚೆನ್ನಾಗಿ ಉಟ್ಟುಕೊಂಡು ಬಂದ ಅತಿಥಿ, ಕಾಲು ಚಾಚಿ ಕೂರಲು ಸಂಕೋಚ.

ಎಲ್ಲ ತಪ್ಪನ್ನೂ ಕೊಲಂಬಿಯಾ ತಲೆಗೆ ಕಟ್ಟುವುದು ನ್ಯಾಯವಲ್ಲ. 1960ರಲ್ಲಿ ಕಪ್ಪು ಗಾಯಕಿಯೊಬ್ಬರು ಬಿಳಿಯರ ಮನೆಯ ರೇಡಿಯೋ ಒಳಗೆ ಹೋಗಬೇಕಾದರೆ ವಯೊಲಿನ್ ದಾರಿಯೇ ಸಲೀಸು ಅನ್ನುವುದು ಆ ಕಾಲದ ಲೆಕ್ಕ. ಚರ್ಚಿನ ಹಾಡುಗಾರಿಕೆಯನ್ನೇ ಪ್ರೇಮದ ಹಾಡಿಗೆ ತಂದ ಸೋಲ್ ಸಂಗೀತ ಇಡೀ ದೇಶದ ಕಿವಿಗೆ ಬಿದ್ದದ್ದು ಈ ಆರು ವರ್ಷಗಳಲ್ಲೇ. 1964ರಲ್ಲಿ ನಾಗರಿಕ ಹಕ್ಕು ಕಾಯಿದೆ, 1965ರಲ್ಲಿ ಮತದಾನದ ಹಕ್ಕು ಕಾಯಿದೆ ಬಂದವು. ಕೇಳುವವರೂ ಬದಲಾಗುತ್ತಿದ್ದರು.

1966ರಲ್ಲಿ ಒಪ್ಪಂದ ಮುಗಿಯಿತು. ಕಾಯುತ್ತಿದ್ದವರು ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್‌ಲರ್. ಹಿಂದೆ ಪತ್ರಿಕೆಯಲ್ಲಿದ್ದಾಗ ಕಪ್ಪು ಜನರ ಜನಪ್ರಿಯ ಸಂಗೀತಕ್ಕೆ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ಚಾಲ್ತಿಗೆ ತಂದವರು. ಅವರು ಅರೀತಾರನ್ನು ನ್ಯೂಯಾರ್ಕಿನ ದೊಡ್ಡ ಸ್ಟುಡಿಯೋಗೆ ಒಯ್ಯಲಿಲ್ಲ. ಅಲಬಾಮಾ ರಾಜ್ಯದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿಗೆ ಒಯ್ದರು. ಅಲ್ಲಿ ರಿಕ್ ಹಾಲ್ ಎಂಬುವರ ಫೇಮ್ ಸ್ಟುಡಿಯೋ ಇತ್ತು. ವಾದ್ಯದವರೆಲ್ಲ ಬಿಳಿ ಹುಡುಗರು, ಹೆಚ್ಚಿನವರು ಸುತ್ತಮುತ್ತಲ ಊರುಗಳವರು. ಬರೆದುಕೊಂಡು ನುಡಿಸುವವರಲ್ಲ. ಕೂತು, ಹುಡುಕಿ, ಸಿಕ್ಕಿದ್ದನ್ನು ಹಿಡಿಯುವವರು. ಅಂದರೆ ಅರೀತಾ ಪಿಯಾನೋ ಕಲಿತದ್ದು ಹೇಗೋ ಹಾಗೆಯೇ.

1967ರ ಜನವರಿ 24. ಮೊದಲ ಹಾಡು ‘ಐ ನೆವರ್ ಲವ್ಡ್ ಎ ಮ್ಯಾನ್’. ಅರೀತಾ ಪಿಯಾನೋ ಮುಂದೆ ಕೂತರು. ಹಾಡು ಮಾತ್ರ ಬಗ್ಗಲಿಲ್ಲ. ಯಾರಿಗೂ ದಾರಿ ಹೊಳೆಯಲಿಲ್ಲ. ಅಷ್ಟರಲ್ಲಿ ಸ್ಪೂನರ್ ಓಲ್ಡಮ್ ಎಂಬುವರು ಎಲೆಕ್ಟ್ರಿಕ್ ಪಿಯಾನೋದಲ್ಲಿ ಸೋಮಾರಿಯ ಹಾಗೆ ಕಾಲೆಳೆದು ನಡೆಯುವ ಒಂದು ಸಣ್ಣ ಪಲುಕು ನುಡಿಸಿದರು. ಅಷ್ಟೇ. ಅರೀತಾ ಅದನ್ನು ಹಿಡಿದರು, ಡ್ರಮ್ಸ್ ಹಿಡಿಯಿತು, ಹಾಡು ಎದ್ದು ನಿಂತಿತು. ಏಳು ವರ್ಷದಿಂದ ಸಿಗದಿದ್ದದ್ದು ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು.

ಅದೇ ರಾತ್ರಿ ಎಲ್ಲ ಹಾಳಾಯಿತು. ಸ್ಟುಡಿಯೋದಲ್ಲೇ ಕುಡಿತ ಶುರುವಾಗಿತ್ತು. ಅರೀತಾರ ಗಂಡ ಮತ್ತು ಮ್ಯಾನೇಜರ್ ಟೆಡ್ ವೈಟ್‌ಗೂ ಒಬ್ಬ ತುತ್ತೂರಿಯವನಿಗೂ ಮಾತಿಗೆ ಮಾತು ಬೆಳೆಯಿತು. ರಾಜಿ ಮಾಡಿಸುತ್ತೇನೆ ಅಂತ ರಾತ್ರಿ ರಿಕ್ ಹಾಲ್ ಹೋಟೆಲಿಗೆ ಹೋದರು. ಅಲ್ಲಿ ಕೈಕೈ ಮಿಲಾಯಿಸಿತು. ಒಂದು ವಾರ ಅಂದುಕೊಂಡಿದ್ದ ರೆಕಾರ್ಡಿಂಗ್ ಒಂದೇ ದಿನಕ್ಕೆ ಮುಗಿಯಿತು. ಕೈಯಲ್ಲಿ ಉಳಿದದ್ದು ಒಂದು ಪೂರ್ತಿ ಹಾಡು, ಇನ್ನೊಂದು ಅರ್ಧ.

ವೆಕ್ಸ್‌ಲರ್ ಆ ಒಂದು ಹಾಡನ್ನು ರೇಡಿಯೋದವರಿಗೆ ಕೊಟ್ಟರು. ಕೇಳಿದವರು ಹುಚ್ಚಾದರು. ಈಗ ಪೇಚಿಗೆ ಬಂತು. ರೆಕಾರ್ಡಿಗೆ ಎರಡು ಮುಖ ಇರುತ್ತದೆ, ಒಂದು ಮುಖಕ್ಕೆ ಹಾಡೇ ಇಲ್ಲ! ಅರೀತಾ ಎಲ್ಲಿದ್ದಾರೋ ಪತ್ತೆಯಿಲ್ಲ. ಕೊನೆಗೆ ಅವರು ನ್ಯೂಯಾರ್ಕಿಗೆ ಬಂದರು. ಅರ್ಧ ಉಳಿದ ಹಾಡಿಗೆ ಪಿಯಾನೋ, ಆರ್ಗನ್ ಎರಡನ್ನೂ ತಾವೇ ನುಡಿಸಿದರು. ತಂಗಿ ಕ್ಯಾರಲಿನ್, ಅಕ್ಕ ಅರ್ಮಾ ಜೊತೆ ಸೇರಿ ದನಿಗಳನ್ನು ಜೋಡಿಸಿದರು. ಫೆಬ್ರವರಿಯಲ್ಲಿ ರೆಕಾರ್ಡ್ ಹೊರಬಂತು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 1ನೇ ಜಾಗ, ಎಲ್ಲರ ಪಟ್ಟಿಯಲ್ಲಿ 9ನೇ ಜಾಗ.

ಆಲ್ಬಮ್ ಮುಗಿಸಲು ಅಲಬಾಮಾದ ಹುಡುಗರೇ ಬೇಕು. ಅರೀತಾ ಮತ್ತೆ ಅಲ್ಲಿಗೆ ಹೋಗುವವರಲ್ಲ. ವೆಕ್ಸ್‌ಲರ್ ಒಂದು ಸಣ್ಣ ಸುಳ್ಳು ಹೇಳಿದರು. ಸ್ಯಾಕ್ಸೊಫೋನ್‌ನ ಕಿಂಗ್ ಕರ್ಟಿಸ್ ಆಲ್ಬಮ್‌ಗೆ ಬೇಕು ಅಂತ ಹುಡುಗರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಫೆಬ್ರವರಿ 14ರಂದು ‘ರೆಸ್ಪೆಕ್ಟ್’ ರೆಕಾರ್ಡ್ ಆಯಿತು.

ಆ ಹಾಡು ಹೊಸದಲ್ಲ. ಬರೆದವರು ಸೋಲ್ ಗಾಯಕ ಓಟಿಸ್ ರೆಡ್ಡಿಂಗ್. 1965ರಲ್ಲಿ ಅವರೇ ಹಾಡಿದ್ದರು, ಸಾಕಷ್ಟು ಓಡಿತ್ತು. ಅವರ ಹಾಡಿನಲ್ಲಿ ದುಡಿದು ಮನೆಗೆ ಬಂದ ಗಂಡಸು ಹೆಂಡತಿಯ ಹತ್ತಿರ ಮರ್ಯಾದೆ ಕೇಳುತ್ತಾನೆ. ಅರೀತಾ ಅದನ್ನು ಉಲ್ಟಾ ಮಾಡಿದರು. ಇಲ್ಲಿ ದುಡ್ಡಿರುವುದು ಹೆಂಗಸಿನ ಹತ್ತಿರ, ಮರ್ಯಾದೆ ಕೇಳುವವಳೂ ಅವಳೇ. ಮೂಲದಲ್ಲಿ ಇಲ್ಲದ ಒಂದು ಭಾಗವನ್ನು ನಡುವೆ ಸೇರಿಸಿದರು. ಆರ್, ಇ, ಎಸ್, ಪಿ, ಇ, ಸಿ, ಟಿ ಅಂತ ಅಕ್ಷರ ಬಿಡಿಸಿ ಹೇಳುವುದೂ ಓಟಿಸ್ ಹಾಡಿನಲ್ಲಿ ಇರಲಿಲ್ಲ. ದಡ್ಡ ಮಗುವಿಗೆ ಕಾಗುಣಿತ ಹೇಳಿಕೊಟ್ಟ ಹಾಗೆ. ಹಿಂದೆ ಅಕ್ಕತಂಗಿಯರ ಕೂಗು. ಅದು ಥೇಟ್ ನ್ಯೂ ಬೆತೆಲ್ ಚರ್ಚಿನ ಕೂಗೇ.

1967ರ ಜೂನ್ 3ರಂದು ಅದು ನಂಬರ್ 1 ಆಯಿತು. ಅದೇ ತಿಂಗಳು ಮಾಂಟೆರೇ ಸಂಗೀತ ಉತ್ಸವದಲ್ಲಿ ಓಟಿಸ್ ಈ ಹಾಡನ್ನು ಹಾಡುವ ಮುಂಚೆ, ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡ ಹಾಡಿದು ಅಂತ ತಮಾಷೆ ಮಾಡಿದರು.

ಇಷ್ಟು ದೊಡ್ಡದಾಗಲು ಕಾರಣ ಬರೀ ಗಂಡಹೆಂಡಿರ ಜಗಳ ಅಲ್ಲ. ನಮ್ಮಲ್ಲಿ ‘ಬಹುವಚನ ಕೊಟ್ಟು ಮಾತಾಡಿ’ ಅನ್ನುತ್ತೇವಲ್ಲ, ಅಮೆರಿಕದ ದಕ್ಷಿಣದಲ್ಲಿ ಅದಕ್ಕೂ ಜೈಲಾಗುತ್ತಿತ್ತು. 1963ರಲ್ಲಿ ಅಲಬಾಮಾದ ಕೋರ್ಟೊಂದರಲ್ಲಿ ಮೇರಿ ಹ್ಯಾಮಿಲ್ಟನ್ ಎಂಬ ಕಪ್ಪು ಹೋರಾಟಗಾರ್ತಿಯನ್ನು ಸರ್ಕಾರಿ ವಕೀಲರು ಬರೀ ‘ಮೇರಿ’ ಅಂತ ಕರೆದರು. ಬಿಳಿ ಹೆಂಗಸರಿಗೆ ಮಿಸ್, ಮಿಸೆಸ್. ಕಪ್ಪು ಹೆಂಗಸರಿಗೆ ಬರೀ ಹೆಸರು. ಮಿಸ್ ಹ್ಯಾಮಿಲ್ಟನ್ ಅನ್ನುವವರೆಗೆ ಉತ್ತರ ಕೊಡಲ್ಲ ಅಂತ ಅವರು ಪಟ್ಟು ಹಿಡಿದರು. ನ್ಯಾಯಾಲಯ ನಿಂದನೆ ಅಂತ ಜೈಲು, ದಂಡ ಎರಡೂ ಬಿತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆ ರದ್ದು ಮಾಡಿತು. ಇದಾಗಿ ಮೂರೇ ವರ್ಷಕ್ಕೆ ಕಪ್ಪು ಹೆಂಗಸೊಬ್ಬರು ‘ಮರ್ಯಾದೆ’ ಎಂಬ ಪದವನ್ನು ಅಕ್ಷರ ಬಿಡಿಸಿ ಹೇಳುತ್ತಿದ್ದಾರೆ. ಕೇಳಿದವರಿಗೆ ಅದು ಬರೀ ಗಂಡನಿಗೆ ಹೇಳಿದ್ದು ಅನ್ನಿಸಲು ಸಾಧ್ಯವೇ ಇರಲಿಲ್ಲ. ಜುಲೈನಲ್ಲಿ ಕಪ್ಪು ಜನರ ದಂಗೆಯೆದ್ದು ಡೆಟ್ರಾಯಿಟ್ ಹೊತ್ತಿ ಉರಿಯಿತು. ಆ ಬೇಸಿಗೆಯ ರೇಡಿಯೋದಲ್ಲಿ ಅದೇ ಊರಿನ ಹುಡುಗಿಯ ಹಾಡು.

ಆಮೇಲಿನದ್ದು ಬೇಗ ಹೇಳಿಬಿಡಬಹುದು. ‘ನ್ಯಾಚುರಲ್ ವುಮನ್’, ‘ಚೈನ್ ಆಫ್ ಫೂಲ್ಸ್’, ‘ಥಿಂಕ್’ ಒಂದರ ಹಿಂದೆ ಒಂದು ಬಂದವು. ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ರೇಡಿಯೋದವರೊಬ್ಬರು ಅವರ ತಲೆಗೆ ಕಿರೀಟವನ್ನೇ ಇಟ್ಟರು. ‘ಸೋಲ್ ರಾಣಿ’ ಎಂಬ ಹೆಸರು ಅಂಟಿಕೊಂಡಿತು. 1968ರಿಂದ 1975ರವರೆಗೆ ರಿದಮ್ ಅಂಡ್ ಬ್ಲೂಸ್ ಗಾಯಕಿಯರ ಗ್ರ್ಯಾಮಿ ಪ್ರಶಸ್ತಿ ಎಂಟು ವರ್ಷವೂ ಅವರಿಗೇ. 1968ರ ಫೆಬ್ರವರಿ 16ರಂದು ಡೆಟ್ರಾಯಿಟ್ ಮೇಯರ್ ಆ ದಿನವನ್ನು ಅರೀತಾ ದಿನ ಅಂತ ಸಾರಿದರು. ಪ್ರಶಸ್ತಿ ಕೊಡಲು ಮಾರ್ಟಿನ್ ಲೂಥರ್ ಕಿಂಗ್ ಬಂದರು. ಗಂಟಲು ಕಟ್ಟಿ ಅವರಿಗೆ ಮಾತೇ ಹೊರಡಲಿಲ್ಲ. ಎರಡು ತಿಂಗಳೊಳಗೆ ಅವರ ಕೊಲೆಯಾಯಿತು.

ವೆಕ್ಸ್‌ಲರ್ ಈ ಗೆಲುವಿನ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಚರ್ಚಿಗೆ ಕರೆದೊಯ್ದೆ, ಪಿಯಾನೋ ಮುಂದೆ ಕೂರಿಸಿದೆ, ಅವರಾಗಿ ಇರಲು ಬಿಟ್ಟೆ ಅಂತ. ಕೊನೆಯದು ನಿಜ, ಅದಕ್ಕೆ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಉಳಿದೆರಡು ನನಗೆ ನಗು ತರಿಸುತ್ತವೆ. ಪಾದ್ರಿಯ ಮಗಳನ್ನು ಚರ್ಚಿಗೆ ಕರೆದೊಯ್ಯಬೇಕಿತ್ತಾ?

ದುಡ್ಡಿನ ಮಾತೊಂದು ಉಳಿದಿದೆ. ಅಮೆರಿಕದಲ್ಲಿ ಮಾಮೂಲಿ ರೇಡಿಯೋ ಹಾಡು ಹಾಕಿದರೆ ಅದನ್ನು ಬರೆದವರಿಗೆ, ಪ್ರಕಾಶಕರಿಗೆ ಹಣ ಬರುತ್ತದೆ. ಹಾಡಿದವರಿಗೆ ಬರುವುದಿಲ್ಲ. ‘ರೆಸ್ಪೆಕ್ಟ್’ ಬರೆದವರು ಓಟಿಸ್. ಅವರು 1967ರ ಡಿಸೆಂಬರಿನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು. ದಶಕಗಟ್ಟಲೆ ಆ ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ಬರೆದವರ ಪಾಲಿನ ಹಣ ಹೋಗಿದ್ದು ಅವರ ಮನೆಯವರಿಗೆ. ಅರೀತಾಗೆ ಒಂದು ಪೈಸೆಯೂ ಇಲ್ಲ.

ಕಾರ್ಯಕ್ರಮಗಳಿಗೆ ಅರೀತಾ ನಗದು ಕೇಳುತ್ತಿದ್ದರು, ಅದೂ ಹಾಡುವ ಮೊದಲೇ. ಎಣಿಸಿ ಕೈಚೀಲಕ್ಕೆ ಹಾಕಿಕೊಂಡರೆ ಆ ಚೀಲ ಕಣ್ಣಳತೆಯಲ್ಲೇ ಇರಬೇಕು. 2015ರ ಡಿಸೆಂಬರಿನಲ್ಲಿ ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನಲ್ಲಿ ‘ನ್ಯಾಚುರಲ್ ವುಮನ್’ ಹಾಡಿದರು. ಅದನ್ನು ಬರೆದವರಲ್ಲಿ ಒಬ್ಬರಾದ ಕ್ಯಾರಲ್ ಕಿಂಗ್‌ಗೆ ಅವತ್ತು ಸನ್ಮಾನ. ಅಧ್ಯಕ್ಷ ಒಬಾಮಾ ಕಣ್ಣೊರೆಸಿಕೊಂಡ ವಿಡಿಯೋ ನೀವೂ ನೋಡಿರಬಹುದು. ಆ ವಿಡಿಯೋದ ಶುರುವನ್ನು ಇನ್ನೊಮ್ಮೆ ನೋಡಿ. 73 ವರ್ಷದ ಅರೀತಾ ಉದ್ದನೆಯ ತುಪ್ಪಳದ ಕೋಟು ಹಾಕಿಕೊಂಡು ವೇದಿಕೆಗೆ ಬರುತ್ತಾರೆ. ಕೈಚೀಲವನ್ನು ಪಿಯಾನೋ ಮೇಲಿಡುತ್ತಾರೆ. ಆಮೇಲೆ ಕೂತು ನುಡಿಸಲು ಶುರು ಮಾಡುತ್ತಾರೆ.